ತಪ್ಪೊಪ್ಪಿಗೆ ಎಂಬ ಬಾಯಿಬೀಗ

2025ರ ಆಗಸ್ಟ್ 25ರಂದು ಮೆಕ್ಸಿಕೊದ ಮಾದಕವಸ್ತು ದಂಧೆಯ ದೊರೆ ಇಸ್ಮಾಯೆಲ್ ‘ಎಲ್ ಮೇಯೊ’ ಜಂಬಾಡಾ ನ್ಯೂಯಾರ್ಕಿನ ಬ್ರೂಕ್ಲಿನ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಕೊನೆಗೂ ನ್ಯಾಯ ಗೆದ್ದಿತು ಎಂದು ಬರೆದವರಿದ್ದಾರೆ. ನನಗೆ ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮೆಕ್ಸಿಕೊದ ಮಾದಕವಸ್ತು ದಂಧೆ ಎಂದೊಡನೆ ನಮ್ಮವರಿಗೆ ನೆನಪಾಗುವವನು ಎಲ್ ಚಾಪೊ. 2015ರಲ್ಲಿ ಸೆರೆಮನೆಯ ಬಚ್ಚಲಿನಿಂದ ಸುರಂಗಕ್ಕಿಳಿದು, ಹಳಿಯ ಮೇಲಿನ ಮೋಟಾರ್ ಸೈಕಲ್ಲಿನ ದಾರಿ ಹಿಡಿದು ಪರಾರಿಯಾದವನು. ಮೇಯೊ ಅವನ ಪಾಲುದಾರ. ಆದರೆ ಇವನು ಎಂದೂ ಸೆರೆಮನೆಯಿಂದ ಓಡಿಹೋಗಲಿಲ್ಲ. ಸಿಕ್ಕಿಬಿದ್ದರೆ ತಾನೆ ಓಡಿಹೋಗುವುದು! ಹತ್ತೊಂಬತ್ತರ ಹರೆಯದಲ್ಲಿ ಗಾಂಜಾ ಬೆಳೆಯತೊಡಗಿದವನು ಎಪ್ಪತ್ತಾರು ದಾಟುವವರೆಗೂ ಸೆರೆಮನೆಯ ಬಾಗಿಲು ಕಂಡಿರಲಿಲ್ಲ. 2010ರಲ್ಲಿ ‘ಪ್ರೊಸೆಸೊ’ ಪತ್ರಿಕೆಯ ಹಿರಿಯ ಪತ್ರಕರ್ತ ಹೂಲಿಯೊ ಶೆರೆರ್ ಅವರನ್ನು ಅಡಗುತಾಣಕ್ಕೇ ಕರೆಸಿಕೊಂಡು, ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡಿದ್ದ. ಕಾಡೇ ತನ್ನ ಮನೆ, ಸೆರೆ ಎಂದರೆ ಪ್ರಾಣಭಯ ಎಂದಿದ್ದ. ದಂಧೆಯ ದೊರೆಗಳು ಸತ್ತರೂ ಸೆರೆಯಾದರೂ ಅವರ ಜಾಗಕ್ಕೆ ಬರುವವರು ಆಗಲೇ ತಿರುಗಾಡಿಕೊಂಡಿದ್ದಾರೆ ಎಂದೂ ಹೇಳಿದ್ದ.

ಅವನನ್ನು ಹಿಡಿದದ್ದು ಪೊಲೀಸರಲ್ಲ, ಗೆಳೆಯನ ಮಗ. 2024ರ ಜುಲೈ 25ರಂದು ಮೆಕ್ಸಿಕೊದ ಸಿನಲೋವಾ ರಾಜ್ಯದ ಕುಲಿಯಾಕಾನ್ ನಗರದ ಹೊರವಲಯದ ಮನೆಯೊಂದಕ್ಕೆ ಮಾತುಕತೆಗೆಂದು ಕರೆಸಿದವನು ಚಾಪೊನ ಮಗ ಹೊಆಕಿನ್ ಗುಸ್ಮಾನ್ ಲೋಪೆಸ್. ಒಳಕೋಣೆಯ ಕಿಟಕಿಯ ಗಾಜನ್ನು ಮೊದಲೇ ಕಳಚಿಡಲಾಗಿತ್ತು. ಅಲ್ಲಿಂದ ನುಗ್ಗಿದವರು ಮುದುಕನ ತಲೆಗೆ ಮುಸುಕು ಹಾಕಿ, ಕೈ ಕಟ್ಟಿ, ವಿಮಾನಕ್ಕೆ ಹತ್ತಿಸಿದರು. ಇಳಿದದ್ದು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ. ಚಿಕ್ಕಂದಿನಿಂದ ಕಂಡ ಹುಡುಗನೆಂಬ ನಂಬಿಕೆಯಲ್ಲಿ ಅವನ ಹಿಂದೆ ಕೋಣೆಗೆ ನಡೆದುಹೋಗಿದ್ದ ಮೇಯೊ.

ಅದಿರಲಿ. ನನ್ನ ತಕರಾರು ಮುಂದಿನದರ ಬಗ್ಗೆ. ಮರಣದಂಡನೆ ಕೇಳುವುದಿಲ್ಲ ಎಂದು ಸರ್ಕಾರಿ ವಕೀಲರು ಹೇಳಿದರು, ಕೆಲವೇ ವಾರಗಳಲ್ಲಿ ಇವನು ತಪ್ಪೊಪ್ಪಿಕೊಂಡ. 1980ರಿಂದ ಈಚೆಗೆ ಕನಿಷ್ಠ 15 ಲಕ್ಷ ಕಿಲೊ ಕೊಕೇನ್ ಸಾಗಿಸಿದ ಲೆಕ್ಕ, 1,500 ಕೋಟಿ ಡಾಲರ್ ಮುಟ್ಟುಗೋಲು, ಕಡ್ಡಾಯ ಜೀವಾವಧಿ. ಪೊಲೀಸರಿಗೆ, ಸೇನಾಧಿಕಾರಿಗಳಿಗೆ, ರಾಜಕಾರಣಿಗಳಿಗೆ ಲಂಚ ಕೊಟ್ಟೆ ಎಂದು ತುಂಬಿದ ನ್ಯಾಯಾಲಯದಲ್ಲಿ ಓದಿದ. ಯಾವ ಪೊಲೀಸ್? ಯಾವ ರಾಜಕಾರಣಿ? ಒಂದು ಹೆಸರೂ ಇಲ್ಲ. ತಪ್ಪೊಪ್ಪಿಕೊಂಡ ಮೇಲೆ ವಿಚಾರಣೆಯಿಲ್ಲ, ಸಾಕ್ಷಿಗಳಿಲ್ಲ, ಪಾಟೀಸವಾಲಿಲ್ಲ. ಬೆಟ್ಟ ಅಗೆದು ಹುಲಿಯನ್ನೇ ಹಿಡಿದರು, ಸರಿ. ಆದರೆ ಅದಕ್ಕೆ ಇಷ್ಟು ವರ್ಷ ಮೇವು ಹಾಕಿದವರು ಯಾರೆಂದು ಕೇಳುವ ಮೊದಲೇ ಗುಂಡಿ ಮುಚ್ಚಿಬಿಟ್ಟರು.

ವಿಚಾರಣೆ ನಡೆದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಇದೇ ನ್ಯಾಯಾಲಯ, ಇದೇ ನ್ಯಾಯಾಧೀಶ ಬ್ರಯನ್ ಕೋಗನ್. 2018ರಲ್ಲಿ ಚಾಪೊ ವಿರುದ್ಧ ಸಾಕ್ಷಿ ಹೇಳಲು ಬಂದ ಮೇಯೊನ ತಮ್ಮನೇ, ಹೆನಾರೊ ಗಾರ್ಸಿಯಾ ಲೂನಾಗೆ ಸೂಟ್‌ಕೇಸಿನಲ್ಲಿ ಹಣ ಮುಟ್ಟಿಸಿದ್ದನ್ನು ಕಟಕಟೆಯಲ್ಲಿ ನಿಂತು ವಿವರಿಸಿದ. ಲೂನಾ ಎಂದರೆ ಯಾರೋ ಪೇದೆಯಲ್ಲ. ಮೆಕ್ಸಿಕೊದ ಅಧ್ಯಕ್ಷ ಕಾಲ್ದೆರಾನ್ ಕಾರ್ಟೆಲ್‌ಗಳೆಂಬ ಮಾದಕವಸ್ತು ಕೂಟಗಳ ಮೇಲೆ ಯುದ್ಧ ಸಾರಿದಾಗ ಭದ್ರತಾ ಸಚಿವನಾಗಿದ್ದವನು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮರುವರ್ಷ ಅವನ ಬಂಧನವಾಯಿತು, 2023ರಲ್ಲಿ ತೀರ್ಪುಗಾರರು ಅಪರಾಧಿ ಎಂದರು, 2024ರಲ್ಲಿ 38 ವರ್ಷಕ್ಕೂ ಹೆಚ್ಚಿನ ಶಿಕ್ಷೆಯಾಯಿತು. ತಮ್ಮನಿಗೇ ಇಷ್ಟು ಗೊತ್ತಿದ್ದರೆ ಅಣ್ಣನಿಗೆ ಎಷ್ಟು ಗೊತ್ತಿರಬೇಡ?

ಅತ್ತ ಸಿನಲೋವಾದಲ್ಲಿ ಈ ಅಪಹರಣದ ಬೆನ್ನಿಗೆ, 2024ರ ಸೆಪ್ಟೆಂಬರಿನಿಂದ ಮೇಯೊ ಬಣಕ್ಕೂ ಚಾಪೊನ ಮಕ್ಕಳ ಬಣಕ್ಕೂ ಹಾದಿಬೀದಿಯ ಕಾಳಗ ಶುರುವಾಯಿತು. ಶಾಲೆಗಳು ಮುಚ್ಚಿದವು, ಹೆಣಗಳು ರಸ್ತೆಗೆ ಬಿದ್ದವು.

ಸೆರೆಯಾದ ಮೇಲೆ ವಕೀಲರ ಮೂಲಕ ಹೊರಬಂದ ಪತ್ರದಲ್ಲಿ ಮೇಯೊ ಒಂದು ಮಾತು ಬರೆದಿದ್ದ. ಆ ದಿನ ತನ್ನೊಂದಿಗೆ ಬಂದ ಇಬ್ಬರು ಅಂಗರಕ್ಷಕರು ಆಮೇಲೆ ಯಾರ ಕಣ್ಣಿಗೂ ಬಿದ್ದಿಲ್ಲ ಎಂದು. ಅವರಲ್ಲೊಬ್ಬ ಸಿನಲೋವಾ ರಾಜ್ಯ ಪೊಲೀಸ್ ಕಮಾಂಡರ್. ಕಾರ್ಟೆಲ್ ದೊರೆಯ ಬೆನ್ನಿಗೆ ಪೊಲೀಸ್ ಅಧಿಕಾರಿ ನಿಂತದ್ದು ಯಾರ ಅಪ್ಪಣೆಯ ಮೇರೆಗೆ ಎಂದು ಬ್ರೂಕ್ಲಿನ್ನಿನಲ್ಲಿ ಯಾರೂ ಮೇಯೊನನ್ನು ಕಟಕಟೆಗೆ ಹತ್ತಿಸಿ ಕೇಳಲಿಲ್ಲ.