ಚಕ್ರ ಒಂಚೂರು ಹೊರಗೆ ಬರಲಿ

ಈ ಕಾಯಿಲೆಯ ಮೊದಲ ಲಕ್ಷಣ ಕಾಣಿಸುವುದು ಭಾನುವಾರ ಬೆಳಿಗ್ಗೆ. ಕಾರು ತೊಳೆಯಲೆಂದು ಬಕೆಟ್ಟು ಹಿಡಿದು ಇಳಿದವನು ಅರ್ಧಕ್ಕೇ ಬಟ್ಟೆ ಬಿಸಾಕಿ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾನೆ. ಟೈರಿಗೂ ಮಡ್‌ಗಾರ್ಡಿನ ಅಂಚಿಗೂ ನಡುವೆ ಎರಡು ಬೆರಳು ತೂರಿಸುತ್ತಾನೆ. ತೂರುತ್ತವೆ. ಮೂರನೆಯದೂ ತೂರುತ್ತದೆ. ಎದ್ದು ಹತ್ತು ಹೆಜ್ಜೆ ಹಿಂದೆ ಸರಿದು, ಕತ್ತು ವಾಲಿಸಿ, "ಚಕ್ರ ತುಂಬಾ ಒಳಗೆ ಹೋಗಿದೆ ಅಲ್ವಾ?" ಎನ್ನುತ್ತಾನೆ. ಕೊಂಡ ದಿನದಿಂದಲೂ ಅದು ಅಷ್ಟೇ ಒಳಗಿತ್ತು. ಆದರೆ ಈಗ ಕಣ್ಣಿಗೆ ಬಿದ್ದಾಗಿದೆ. ಮನೆಯೊಳಗಿಂದ "ದೋಸೆ ಆರ್ತಾ ಇದೆ ರೀ" ಎಂದು ಕೂಗಿದರೆ ಇನ್ನು ಕೇಳಿಸುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಔಷಧಿಯೂ ಗೊತ್ತಾಗಿರುತ್ತದೆ: ವೀಲ್ ಸ್ಪೇಸರ್. ಹಬ್ಬಿಗೂ, ಅಂದರೆ ಕಾರಿನಲ್ಲಿ ಚಕ್ರವನ್ನು ಬಿಗಿಯುವ ತಿರುಗುವ ಭಾಗಕ್ಕೂ, ಚಕ್ರಕ್ಕೂ ನಡುವೆ ಕೂರುವ ಅಲ್ಯೂಮಿನಿಯಂ ಬಿಲ್ಲೆ. 3, 5, 8, 10 ಮಿ.ಮೀ. ದಪ್ಪದವು ಹಬ್ಬಿನಲ್ಲಿ ಆಗಲೇ ಇರುವ ಸ್ಟಡ್ಡುಗಳ (ನಟ್ಟು ಹಿಡಿಯುವ ಕಡ್ಡಿಗಳ) ಮೇಲೆಯೇ ತೂರಿ ಕೂರುತ್ತವೆ. 15-20 ಮಿ.ಮೀ. ಮತ್ತು ಅದಕ್ಕಿಂತ ದಪ್ಪದವಕ್ಕೆ ತಮ್ಮದೇ ಸ್ಟಡ್ಡುಗಳಿರುತ್ತವೆ. ಬಿಲ್ಲೆಯನ್ನು ಹಬ್ಬಿಗೆ ನಟ್ಟು ಹಾಕಿ ಬಿಗಿದು, ಆಮೇಲೆ ಚಕ್ರವನ್ನು ಬಿಲ್ಲೆಗೆ ಬಿಗಿಯಬೇಕು. ಅದು ಮಾಡುವ ಕೆಲಸ ಒಂದೇ, ತನ್ನ ದಪ್ಪದಷ್ಟು ಚಕ್ರವನ್ನು ಹೊರಕ್ಕೆ ತಳ್ಳುವುದು. ಇಷ್ಟು ಸುಲಭದ ಕೆಲಸದಲ್ಲಿ ಕೆಡುವುದಕ್ಕೆ ಏನಿದೆ ಎಂದು ಅನ್ನಿಸುತ್ತದೆ. ಕೆಡುವುದು ಅಲ್ಲಿಂದಲೇ.

ಚಕ್ರ ಎಷ್ಟು ಒಳಗೆ, ಎಷ್ಟು ಹೊರಗೆ ಎಂಬುದನ್ನು ಹೇಳುವ ಅಂಕಿ ಆಗಲೇ ಚಕ್ರದ ಮೇಲೆಯೇ ಇದೆ. ಬಿಚ್ಚಿ ತಿರುಗಿಸಿದರೆ ಒಳಮೈಯಲ್ಲಿ ಇಟಿ 45 ಎಂಬಂಥ ಅಚ್ಚು ಕಾಣುತ್ತದೆ. ಇದನ್ನು 'ಈಟಿ' ಎಂದು ಓದಿದರೂ ನಡೆಯುತ್ತದೆ, ತಪ್ಪಿದರೆ ಚುಚ್ಚುವುದು ಖಂಡಿತ. ಚಕ್ರದ ಅಗಲದ ನಟ್ಟನಡುವಿನಿಂದ ಹಬ್ಬಿಗೆ ತಾಗುವ ಮುಖ ಎಷ್ಟು ಮಿ.ಮೀ. ದೂರದಲ್ಲಿದೆ ಎಂಬುದೇ ಈ ಆಫ್‌ಸೆಟ್ಟು. ಅಂಕಿ ಇಳಿದಷ್ಟೂ ಚಕ್ರ ಹೊರಗೆ. 10 ಮಿ.ಮೀ. ಸ್ಪೇಸರ್ ಹಾಕಿದರೆ ಇಟಿ 45 ಇದ್ದದ್ದು ಇಟಿ 35ರಂತೆ ಕೂರುತ್ತದೆ. ಎರಡೂ ಕಡೆ ಸೇರಿ ಕಾರಿನ ಹೆಜ್ಜೆ, ಅಂದರೆ ಎಡ-ಬಲ ಚಕ್ರಗಳ ನಡುವಿನ ಅಂತರ, 20 ಮಿ.ಮೀ. ಅಗಲವಾಗುತ್ತದೆ.

ಎಡವಟ್ಟಾಗುವುದು ಅಗಲದ ಚಕ್ರವೂ ಬೇಕು, ಕಡಿಮೆ ಇಟಿಯೂ ಬೇಕು, ಮೇಲೊಂದು ಬಿಲ್ಲೆಯೂ ಇರಲಿ ಎಂದಾಗ. ಲೆಕ್ಕ ಐದನೇ ಕ್ಲಾಸಿನದು. 5.5 ಇಂಚು ಅಗಲದ, ಇಟಿ 45ರ ಚಕ್ರ ತೆಗೆದು 7 ಇಂಚಿನ, ಇಟಿ 35ರದ್ದು ಹಾಕುತ್ತೀರಿ ಎನ್ನಿ. ಅಗಲದ ಅರ್ಧವನ್ನು ಮಿ.ಮೀ.ಗೆ ತಿರುಗಿಸಿದರೆ ಹಳೆಯದು 69.9, ಹೊಸದು 88.9. ಅದರಿಂದ ಇಟಿ ಕಳೆದರೆ ಹೊರಮೈ ಎಲ್ಲಿದೆ ಎಂದು ಸಿಗುತ್ತದೆ: ಹಳೆಯದು 24.9, ಹೊಸದು 53.9. ಅಂದರೆ ಬಿಲ್ಲೆ ಇಲ್ಲದೆಯೇ ಚಕ್ರ 29 ಮಿ.ಮೀ. ಹೊರಗೆ ಬಂದಾಯಿತು! ಕಳೆಯುವ ಬದಲು ಇಟಿಯನ್ನು ಕೂಡಿಸಿದರೆ ಒಳಮೈ: ಹಳೆಯದು 114.9, ಹೊಸದು 123.9. ಹೊರಗೆ ಬಂದದ್ದು ಸಾಲದೆಂದು ಒಳಗೂ 9 ಮಿ.ಮೀ. ನುಗ್ಗಿ ಶಾಕಬ್ಸಾರ್ಬರಿನ ಕಡೆ ಹೋಗಿದೆ. ಊಟದ ಪಂಕ್ತಿಯಲ್ಲಿ ಧಡೂತಿ ನೆಂಟರು ಕೂತರೆ ಎಡಗಡೆಯವರಿಗೂ ಬಲಗಡೆಯವರಿಗೂ ಒಟ್ಟಿಗೇ ಮೊಣಕೈ ತಾಗುತ್ತದಲ್ಲ, ಹಾಗೆ. ಈ ಲೆಕ್ಕವನ್ನು ದುಡ್ಡು ಕೊಡುವ ಮುಂಚೆ ಮಾಡುವವರು ಕಡಿಮೆ. ಆಮೇಲೆ ಮಾಡುವವರೇ ಎಲ್ಲರೂ.

ವಾಹನ ಬಿಡಿಭಾಗಗಳ ಅಂಗಡಿಬೀದಿಯಾದ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೊರಡುವ ಮುನ್ನ ಇನ್ನೂ ಮೂರು ಅಂಕಿ ಜೇಬಿನಲ್ಲಿರಬೇಕು: ಪಿಸಿಡಿ, ನಡುವಿನ ತೂತಿನ ಅಳತೆ, ಸ್ಟಡ್ಡಿನ ಮರೆ (ನಟ್ಟು ಸುತ್ತಿ ಕೂರುವ ಥ್ರೆಡ್ಡು). ಪಿಸಿಡಿ ಎಂದರೆ ನಟ್ಟಿನ ತೂತುಗಳು ಕೂತಿರುವ ವೃತ್ತದ ವ್ಯಾಸ. ನಾಲ್ಕು ತೂತಿದ್ದರೆ ಎದುರುಬದುರು ತೂತುಗಳ ಕೇಂದ್ರದಿಂದ ಕೇಂದ್ರಕ್ಕೆ ಅಳೆದರೆ ಮುಗಿಯಿತು. ಐದಿದ್ದರೆ ಎದುರಿಗೆ ತೂತೇ ಇರುವುದಿಲ್ಲ. ಒಂದು ಬಿಟ್ಟು ಇನ್ನೊಂದು ತೂತಿಗೆ ಅಳೆದು 1.051ರಿಂದ ಗುಣಿಸಬೇಕು. ಹಳೆಯ ಫಿಯಟ್ ಪಾಲಿಯೊದ ಪಿಸಿಡಿ 98. ನಮ್ಮಲ್ಲಿ ಬೇಕಾದಷ್ಟು ಸಿಗುವುದು 100ರ ಚಕ್ರ. ಒಂದೊಂದು ತೂತಿಗೆ ಬರೀ 1 ಮಿ.ಮೀ. ವ್ಯತ್ಯಾಸ. "ಬರುತ್ತೆ ಸಾರ್, ಟೈಟ್ ಮಾಡಿದ್ರೆ ಕೂತ್ಕೊಳತ್ತೆ" ಎನ್ನುವವರು ಸಿಕ್ಕೇ ಸಿಗುತ್ತಾರೆ. ಕೂರುತ್ತದೆ ನಿಜ, ಆದರೆ ವಾರೆಯಾಗಿ. ಸ್ಟಡ್ಡುಗಳು ಬಾಗಿದ ಒತ್ತಡದಲ್ಲೇ ಓಡುತ್ತಿರುತ್ತವೆ, ನಟ್ಟು ಸಡಿಲವಾಗುತ್ತಲೇ ಇರುತ್ತದೆ.

ಪಿಸಿಡಿ ಕೂಡಿಬಂದರೂ ಗೆದ್ದಂತಲ್ಲ. ಮಾರುತಿ ಸ್ವಿಫ್ಟು ಮತ್ತು ನಾಲ್ಕು ತೂತಿನ ಹೋಂಡಾ ಸಿಟಿ, ಎರಡರದ್ದೂ ನಾಲ್ಕು ತೂತು, ಪಿಸಿಡಿ 100. ಹೋಂಡಾ ಚಕ್ರ ಸ್ವಿಫ್ಟಿಗೆ ತಂಟೆಯಿಲ್ಲದೆ ತೂರುತ್ತದೆ. ದೇವಸ್ಥಾನದ ಬಾಗಿಲಲ್ಲಿ ಬೇರೆಯವರ ಚಪ್ಪಲಿಯೂ ಹಾಗೇ ತೂರುತ್ತದೆ, ನಡೆದಾಗಲೇ ಗೊತ್ತಾಗುವುದು. ಸ್ವಿಫ್ಟಿನ ಹಬ್ಬಿನ ನಡುಗುಬುಟು 54.1 ಮಿ.ಮೀ., ಹೋಂಡಾ ಚಕ್ರದ ನಡುವಿನ ತೂತು 56.1. ಸುತ್ತಲೂ 1 ಮಿ.ಮೀ. ಖಾಲಿ. ಚಕ್ರ ಹಬ್ಬಿನ ಮೇಲೆ ಕೂರುವ ಬದಲು ಸ್ಟಡ್ಡುಗಳಿಗೆ ಜೋತುಬೀಳುತ್ತದೆ. ಗಂಟೆಗೆ 80-100 ಕಿ.ಮೀ. ದಾಟಿದಾಗ ಸ್ಟೇರಿಂಗ್ ನಡುಗಲು ಶುರು.

ಆಗ ಎಲ್ಲರೂ ಓಡುವುದು ಬ್ಯಾಲೆನ್ಸಿಂಗಿಗೆ. ಅಲ್ಲಿ ಮಷಿನ್ನು ಸೊನ್ನೆ-ಸೊನ್ನೆ ತೋರಿಸುತ್ತದೆ. "ಪರ್ಫೆಕ್ಟ್ ಇದೆ ಸಾರ್" ಎಂದವರು ಸುಳ್ಳು ಹೇಳಿಲ್ಲ. ಮಷಿನ್ನು ಚಕ್ರವನ್ನು ಹಿಡಿಯುವುದು ನಡುವಿನ ತೂತಿನಿಂದ, ಕಾರು ಹಿಡಿದಿರುವುದು ಸ್ಟಡ್ಡಿನಿಂದ. ಎರಡಕ್ಕೂ ಕೇಂದ್ರವೇ ಬೇರೆ. ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿ, ಎರಡು ಸಲ ಅಲೈನ್‌ಮೆಂಟ್ ನೋಡಿಸಿ, ಕೊನೆಗೆ ರಸ್ತೆಯನ್ನು ಬೈಯುವುದಕ್ಕಿಂತ 56.1ರಿಂದ 54.1ಕ್ಕೆ ಇಳಿಸುವ ಸೆಂಟ್ರಿಂಗ್ ರಿಂಗು ನಾಲ್ಕು ಕೊಳ್ಳುವುದು ಅಗ್ಗ. ತೆಳ್ಳನೆಯ ಸ್ಪೇಸರ್ ತರುವ ತೊಂದರೆಯೂ ಇದೇ. 5 ಮಿ.ಮೀ. ಚಪ್ಪಟೆ ಬಿಲ್ಲೆ ಹಬ್ಬಿನ ಗುಬುಟನ್ನು ಅಷ್ಟರಮಟ್ಟಿಗೆ ನುಂಗಿಬಿಡುತ್ತದೆ, ಚಕ್ರಕ್ಕೆ ಆನಿಕೊಳ್ಳಲು ಅಂಚೇ ಉಳಿಯುವುದಿಲ್ಲ. ಒಳಗೆ ಹಬ್ಬಿಗೂ ಹೊರಗೆ ಚಕ್ರಕ್ಕೂ ಸರಿಯಾಗಿ ಕೂರುವ, ತನ್ನದೇ ತುಟಿಯಿರುವ ಸ್ಪೇಸರನ್ನೇ ಕೇಳಿ. ಸುಮಾರು 10 ಮಿ.ಮೀ.ಗಿಂತ ತೆಳ್ಳಗಿದ್ದರೆ ಅಂಥ ತುಟಿ ಕೊರೆಯಲು ಜಾಗ ಸಾಲುವುದು ಕಷ್ಟ.

ಇನ್ನು ಮರೆ. ಸ್ವಿಫ್ಟಿನ ಸ್ಟಡ್ಡು 12 ಮಿ.ಮೀ. ದಪ್ಪ, ಮರೆಯ ಅಂತರ 1.25, ಹೋಂಡಾದ್ದು 12, ಅಂತರ 1.5. ಚಕ್ರದ ಜೊತೆ ಬಂದ ಹೋಂಡಾ ನಟ್ಟನ್ನು ಸ್ವಿಫ್ಟಿಗೆ ಹಾಕಿದರೆ ಒಂದೆರಡು ಸುತ್ತು ಕೈಯಲ್ಲೇ ಹೋಗಿ ಬಿಗಿಯಾಗುತ್ತದೆ. ಅದು ಬಿಗಿಯಲ್ಲ, ಅಡ್ಡಮರೆ: ಮರೆಗೆ ಮರೆ ಹೊಂದದೆ ಸಿಕ್ಕಿಕೊಂಡದ್ದು. ಅಷ್ಟರಲ್ಲಿ ಏರ್ ಗನ್ ಹಿಡಿದ ಹುಡುಗ 'ಟರ್ರ್' ಎನ್ನಿಸಿಬಿಟ್ಟರೆ ಸ್ಟಡ್ಡಿನ ಕಥೆ ಮುಗಿಯಿತು. ಸುಮಾರು ಅರ್ಧದಷ್ಟಾದರೂ ಕೈಯಲ್ಲಿ ತಿರುಗದ ನಟ್ಟಿಗೆ ಗನ್ ಮುಟ್ಟಿಸಬಾರದು.

ನಟ್ಟು ಎಷ್ಟು ಸುತ್ತು ಹಿಡಿಯಬೇಕು? ಕಡಿಮೆಯೆಂದರೆ ಸ್ಟಡ್ಡಿನ ದಪ್ಪದಷ್ಟು ಉದ್ದ. 12ನ್ನು 1.25ರಿಂದ ಭಾಗಿಸಿದರೆ 9.6, ಅಂದರೆ ಹತ್ತು ಸುತ್ತು. 1.5ರ ಮರೆಗೆ ಎಂಟು. 5 ಮಿ.ಮೀ. ಸ್ಪೇಸರ್ 1.25ರ ಮರೆಯಲ್ಲಿ ನಾಲ್ಕು ಸುತ್ತು ತಿಂದುಹಾಕುತ್ತದೆ. ಮೊದಲು ಸ್ಪೇಸರಿಲ್ಲದೆ ಕೈಯಲ್ಲಿ ತಿರುಗಿಸಿ ಎಣಿಸಿ. ಹನ್ನೊಂದು ಬಂದರೆ ಬಿಲ್ಲೆ ಹಾಕಿದ ಮೇಲೆ ಉಳಿಯುವುದು ಏಳು. ಏಳು ಸುತ್ತಿನಲ್ಲೂ ಚಕ್ರ ನಿಲ್ಲುತ್ತದೆ, ಮಳೆಗಾಲದ ಶಿರಾಡಿ ಘಾಟಿಯಲ್ಲಿ ಮನೆಮಂದಿಯನ್ನೆಲ್ಲ ತುಂಬಿಕೊಂಡು ಬ್ರೇಕ್ ಒತ್ತುವವರೆಗೆ. ದಾರಿ ಎಂದರೆ ಉದ್ದನೆಯ ಸ್ಟಡ್ಡು ಹಾಕಿಸುವುದು, ಅದನ್ನೂ ಹಬ್ಬಿಗೆ ಸುತ್ತಿಗೆಯಿಂದ ಬಡಿದಲ್ಲ. ಬಡಿದ ಪೆಟ್ಟು ಬೇರಿಂಗಿಗೆ ಹೋಗಿ, ತಿಂಗಳೊಳಗೆ 'ಗುಂಯ್' ಎಂದು ಜೇನುಹುಳ ಹಾಡಲು ಶುರುಮಾಡುತ್ತದೆ. ಫೋಕ್ಸ್‌ವ್ಯಾಗನ್ ಪೋಲೊದಲ್ಲಿ ಸ್ಟಡ್ಡೇ ಇಲ್ಲ, 14 ಮಿ.ಮೀ. ಬೋಲ್ಟು. ಸ್ಪೇಸರ್ ಎಷ್ಟು ದಪ್ಪವೋ ಬೋಲ್ಟಿನ ಉದ್ದವೂ ಅಷ್ಟೇ ಹೆಚ್ಚಬೇಕು. ಇರಲಿ ಎಂದು ಇನ್ನೂ ಉದ್ದದ್ದು ಹಾಕಿದರೆ ತುದಿ ಹಬ್ಬಿನ ಹಿಂದೆ ಇಣುಕಿ ಹಿಂದಿನ ಡ್ರಮ್ಮಿನೊಳಗಿನ ಬ್ರೇಕ್ ಸಾಮಾನಿಗೆ ತಾಗುತ್ತದೆ.

ಅಂಗಡಿಯಲ್ಲಿ ಸ್ಪೇಸರ್ ಇಲ್ಲವೆಂದು ಒಂದೊಂದು ಸ್ಟಡ್ಡಿಗೂ ಎರಡೆರಡು ವಾಷರ್ ಪೋಣಿಸುವ ಜಾಣರೂ ಇದ್ದಾರೆ. ಹಬ್ಬಿನ ಇಡೀ ಮುಖಕ್ಕೆ ಅಂಟಿ ಕೂರಬೇಕಾದ ಚಕ್ರ ಆಗ ನಾಲ್ಕು ಕಾಸಗಲದ ತುಣುಕುಗಳ ಮೇಲೆ ನಿಲ್ಲುತ್ತದೆ. ಇನ್ನು ಕೆಲವರು 5ರ ಮೇಲೊಂದು 5 ಇಟ್ಟು ಹತ್ತಾಗಿಸುತ್ತಾರೆ. ತಟ್ಟೆ ಇಡ್ಲಿಯಲ್ಲಿ ಅದು ನಡೆದೀತು, ಇಲ್ಲಿ ಬೇಡ.

ಕೂರಿಸುವ ಕೆಲಸದಲ್ಲಿ ಅರ್ಧ ಪಾಲು ತಂತಿ ಬ್ರಷ್ಷಿನದು. ಹಬ್ಬಿನ ಮುಖದ ತುಕ್ಕನ್ನು ಲೋಹ ಹೊಳೆಯುವ ತನಕ ಉಜ್ಜಿ. ತುಕ್ಕಿನ ಮೇಲೆ ಬಿಗಿದರೆ ನಾಲ್ಕು ದಿನದ ಓಡಾಟಕ್ಕೆ ಅದು ಪುಡಿಯಾಗಿ, ಬಿಗಿಯಿದ್ದ ನಟ್ಟು ಸಡಿಲವಾಗುತ್ತದೆ. ನಟ್ಟಿನ ಬುಡವನ್ನೂ ನೋಡಿ: ಹೋಂಡಾದ ಮೂಲ ಚಕ್ರಕ್ಕೆ ಗುಂಡು ಬುಡದ ನಟ್ಟು, ಹೊರಗೆ ಸಿಗುವ ಅಲಾಯ್ ಚಕ್ರಗಳಲ್ಲಿ ಹೆಚ್ಚಿನವಕ್ಕೆ ಶಂಕುವಿನ ಆಕಾರದ್ದು. ಅದಲುಬದಲಾದರೆ ತಾಗುವುದು ಒಂದು ಗೆರೆಯಷ್ಟು ಮಾತ್ರ. ನಟ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು, ಸ್ಟಡ್ಡಿಗೆ ಗ್ರೀಸು ಹಚ್ಚಬಾರದು. ಹೋಂಡಾ ಸಿಟಿಗೆ ಹೇಳಿರುವ ಬಿಗಿ 108 ನ್ಯೂಟನ್ ಮೀಟರ್, ಪೋಲೊಗೆ 120. ಒಂದಡಿ ಪಾನಾದ ತುದಿಗೆ ಸುಮಾರು 36 ಕೆ.ಜಿ. ಒತ್ತಿದರೆ ಸಿಟಿಯದ್ದು ಮುಗಿಯಿತು. 65 ಕೆ.ಜಿ.ಯ ಮನುಷ್ಯ ಅದರ ಮೇಲೆ ಹತ್ತಿ ನಿಂತರೆ 190 ದಾಟುತ್ತದೆ. ನಿಂತವನು ಕುಣಿಯುತ್ತಾನೆ ಬೇರೆ! ಟಾರ್ಕ್ ಪಾನಾ ಒಂದಿದ್ದರೆ ಕುಣಿತ ತಪ್ಪುತ್ತದೆ. 50-100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಲೇಬೇಕು. ಸ್ವಂತ ಸ್ಟಡ್ಡಿನ ಸ್ಪೇಸರಾದರೆ ಒಳಗಿನ ನಟ್ಟು ಚಕ್ರ ಬಿಚ್ಚಿದರೇ ಕಾಣುವುದು. ಈರುಳ್ಳಿ ಸುಲಿದಂತೆ, ಎಷ್ಟು ಸುಲಿದರೂ ಇನ್ನೊಂದು ಪದರ, ಕೊನೆಗೆ ಕಣ್ಣೀರು. ಅದಕ್ಕೇ ಹೆಚ್ಚಿನವರು ಹೊರಗಿನದನ್ನು ಮಾತ್ರ ಮುಟ್ಟಿ ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ.

ಹೀಗೆಲ್ಲ ಹೇಳಿದರೂ ಸ್ಪೇಸರೇ ಪಾಪ ಎಂದಲ್ಲ. ಪೋರ್ಶೆ ತಾನೇ ಕೆಲವು ಮಾಡೆಲ್ಲುಗಳಿಗೆ ಸ್ಪೇಸರ್ ಕೊಟ್ಟಿದೆ. ಹೊಸ ಚಕ್ರ ಒಳಗಡೆ ಬ್ರೇಕಿನ ಕ್ಯಾಲಿಪರಿಗೆ 3 ಮಿ.ಮೀ. ತಾಗುತ್ತಿದ್ದರೆ ಅಳತೆಗೆ ಕೊರೆದ 5 ಮಿ.ಮೀ. ಬಿಲ್ಲೆ, ಅದಕ್ಕೆ ತಕ್ಕ ಸ್ಟಡ್ಡು ಸರಿಯಾದ ಮದ್ದೇ. ಬರೀ ನೋಟಕ್ಕೆ 20 ಮಿ.ಮೀ. ಬೇಕೆನ್ನುವವರು ಮೊದಲೇ ಸರಿಯಾದ ಇಟಿಯ ಚಕ್ರ ಕೊಂಡರೆ ದುಡ್ಡೂ ಉಳಿಯುತ್ತದೆ, ಈರುಳ್ಳಿಯೂ ತಪ್ಪುತ್ತದೆ. ಅಲಾಯ್ ಕೊಳ್ಳುವಾಗ ಹಿಂಬದಿಯಲ್ಲಿ ಜೆಡಬ್ಲ್ಯುಎಲ್, ವಿಐಎ ಎಂಬ ಜಪಾನಿನ ಗುಣಮಟ್ಟದ ಗುರುತುಗಳೂ ತೂಕದ ಮಿತಿಯೂ ಅಚ್ಚಾಗಿವೆಯೇ ನೋಡಿ. ಟೈರಿನ ಎತ್ತರ ಮೊದಲಿನಷ್ಟೇ ಇರಲಿ: 185/65 ಆರ್15 ಇದ್ದದ್ದು 195/55 ಆರ್16 ಆದರೆ ವ್ಯಾಸ 621.5ರಿಂದ 620.9 ಮಿ.ಮೀ., ಸ್ಪೀಡೋಮೀಟರಿಗೆ ಗೊತ್ತೇ ಆಗುವುದಿಲ್ಲ. 205/65 ಆರ್15 ಹಾಕಿದರೆ ಶೇ. 4ರಷ್ಟು ದೊಡ್ಡದು. ಅಗಲವೂ ಬೆಳೆದಿರುವುದರಿಂದ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ಕು ಕರಕರ ಎನ್ನುತ್ತದೆ.

ಆ ಕರಕರ ಮನೆ ಮುಂದೆ ಕೇಳಿಸುವುದೇ ಇಲ್ಲ. ಖಾಲಿ ಕಾರು, ನೇರ ಚಕ್ರ, ಫೋಟೊ ಚೆಂದ. ನಿಜವಾದ ಪರೀಕ್ಷೆಗೆ ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು, ಡಿಕ್ಕಿಯಲ್ಲಿ ಊರಿಂದ ಬಂದ ತೆಂಗಿನಕಾಯಿ ಮೂಟೆ, ಮುಂದೊಂದು ಬಣ್ಣ ಬಳಿಯದ ಹಂಪು ಬೇಕು. ಮಡ್‌ಗಾರ್ಡಿನ ಒಳತುಟಿಗೆ ಮೊದಲೇ ಸೋಪು ಮೆತ್ತಿಟ್ಟರೆ ಟೈರು ಎಲ್ಲಿ ಸವರಿತೆಂದು ಗುರುತು ಸಿಗುತ್ತದೆ. ಹಾಗೆ ಮಾಡದವರಿಗೆ ಟೈರಿನ ಪಕ್ಕೆಯಲ್ಲೇ ಗುರುತು ಸಿಗುತ್ತದೆ.

ಹೊರಗೆ ಬಂದ ಚಕ್ರದ ಬಾಡಿಗೆ ತಿಂಗಳು ತಿಂಗಳು ಕಟ್ಟಬೇಕು. ಭಾರ ಹೊರಕ್ಕೆ ಸರಿದಷ್ಟೂ ಬೇರಿಂಗು ಬೇಗ ಸವೆಯುತ್ತದೆ. ಒಂದು ಚಕ್ರ ಗುಂಡಿಗೆ ಇಳಿದರೆ ಸ್ಟೇರಿಂಗನ್ನು ಆ ಕಡೆಗೇ ಎಳೆಯುತ್ತದೆ. ಮಡ್‌ಗಾರ್ಡಿನ ನೆರಳು ದಾಟಿದ ಟೈರು ಮಲೆನಾಡಿನ ಕೆಮ್ಮಣ್ಣನ್ನು ಬಾಗಿಲ ಹಿಡಿಕೆಯ ತನಕ ಎರಚುತ್ತದೆ. ಪಕ್ಕದಲ್ಲಿ ಬಿಳಿ ಪಂಚೆಯ ಸ್ಕೂಟರಿನವರು ಇದ್ದರೆ ಅವರ ಆಶೀರ್ವಾದವೂ ಸೇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಬೇಡ ಎನ್ನುತ್ತದೆ. ವಿಮೆಯವರಿಗೆ ತಿಳಿಸದೆ ಬದಲಿಸಿದರೆ ಕ್ಲೇಮಿನ ದಿನ ಅವರೂ ಅದೇ ಸೆಕ್ಷನ್ನು ಓದಿ ಬಂದಿರುತ್ತಾರೆ.

ಇಷ್ಟೆಲ್ಲ ದಾಟಿ ಬಂದವರನ್ನು ಕೊನೆಗೆ ಹಿಡಿಯುವುದು ಸ್ಟೆಪ್ನಿ. ಚಾರ್ಮಾಡಿಯ ತಿರುವಿನಲ್ಲಿ ರಾತ್ರಿ ಪಂಕ್ಚರು. ಜಾಕಿ ಇದೆ, ಪಾನಾ ಇದೆ. ಹೊಸ ಅಲಾಯ್‌ನ ತೂತು ಚಿಕ್ಕದು, ನಟ್ಟು ಸಣ್ಣಗಿನದು, ಅದಕ್ಕೊಂದು ವಿಶೇಷ ಬೀಗದಕೈ. ಆ ಬೀಗದಕೈ ಕಳೆದುಹೋಗದಿರಲೆಂದು ಮನೆಯ ಶೋಕೇಸಿನಲ್ಲಿ ಭದ್ರವಾಗಿದೆ. ಇಟ್ಟುಕೊಂಡಿದ್ದರೂ ಸ್ಟೆಪ್ನಿಯ ಕಬ್ಬಿಣದ ಚಕ್ರಕ್ಕೆ ಹಳೆಯ ನಟ್ಟೇ ಬೇಕು, ಅವು ಅಲಾಯ್ ಅಂಗಡಿಯ ತಗಡಿನ ಡಬ್ಬಿಯಲ್ಲಿವೆ. ಸ್ಪೇಸರಿನಿಂದಾಚೆ ಹಳೆಯ ಸ್ಟಡ್ಡಿನ ತುದಿ ಇಣುಕುತ್ತಿದ್ದರೆ ಸ್ಟೆಪ್ನಿ ಅಂಟಿ ಕೂರುವುದೂ ಇಲ್ಲ, ಮೊದಲು ಬಿಲ್ಲೆಯನ್ನೇ ಬಿಚ್ಚಬೇಕು. ಹಾಗಾಗಿ ಹಳೆಯ ನಟ್ಟುಗಳನ್ನು ಅಂಗಡಿಯಿಂದ ಕೇಳಿ ತಂದು, ಬೀಗದಕೈ ಸಮೇತ ಒಂದು ಹಳೇ ಕಾಲುಚೀಲದಲ್ಲಿ ಗಂಟುಕಟ್ಟಿ ಸ್ಟೆಪ್ನಿಯ ಗುಂಡಿಯಲ್ಲೇ ಇಡಿ. ಕಾರು ತೊಳೆಯುವ ಭಾನುವಾರ ಒಮ್ಮೆ ಸ್ಟೆಪ್ನಿಯನ್ನು ನಿಜವಾಗಿಯೂ ಹಾಕಿ ತೆಗೆದು ನೋಡಿ, ದೋಸೆ ತಿಂದಾದ ಮೇಲೆ.