ಬೀಗ ಹಾಕಿದ ಶೋಕೇಸ್ ಮತ್ತು ಒಂದು ಹಸಿರು ಗಿಳಿ

ನಮ್ಮ ಮನೆಯ ಹಾಲ್‌ನಲ್ಲಿ ಒಂದು ಗಿಳಿ ಇದೆ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಮಾಡಿದ ಮರದ ಗಿಳಿ. ಮೈ ಕಡು ಹಸಿರು, ಕೊಕ್ಕು ಕೆಂಪು, ರೆಕ್ಕೆಯ ಮೇಲೆ ಹಳದಿ ಮತ್ತು ಗುಲಾಬಿ ಗೆರೆಗಳು. ಕಣ್ಣಂತೂ ಇಷ್ಟಗಲ. ಎರಡು ವರ್ಷದ ಹಿಂದೆ ನಾವು ಈ ಫ್ಲ್ಯಾಟಿಗೆ ಬಂದಾಗ, ಇಂಟೀರಿಯರ್ ಮಾಡಲು ಬಂದವರು ಅದನ್ನು ನೋಡಿ, "ಇದು ಥೀಮಿಗೆ ಹೊಂದಲ್ಲ ಮೇಡಂ, ಒಳಗೆ ಇಟ್ಬಿಡಿ" ಅಂದರು. ಅವರ ಥೀಮ್ ಅಂದರೆ ಬೂದಿ ಬಣ್ಣದ ಗೋಡೆ, ಬೂದಿ ಬಣ್ಣದ ಸೋಫಾ, ಬಿಳಿ ಹೂದಾನಿಯಲ್ಲಿ ಒಣಗಿದ ಹುಲ್ಲು. ನಾನು ಮಾತಾಡಲಿಲ್ಲ. ಗಿಳಿ ಆರು ತಿಂಗಳು ಬೆಡ್‌ರೂಮಿನ ಕಪಾಟಿನಲ್ಲಿ, ಬೆಡ್‌ಶೀಟುಗಳ ಹಿಂದೆ ಕೂತಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ.

ಆ ಆರು ತಿಂಗಳಲ್ಲಿ ಮನೆಗೆ ಎಷ್ಟೋ ಜನ ಬಂದು ಹೋದರು. ಎಲ್ಲರೂ "ತುಂಬಾ ನೀಟಾಗಿದೆ" ಅಂದರು. ಅಷ್ಟೇ. ಯಾವುದರ ಮುಂದೆಯೂ ಯಾರೂ ನಿಲ್ಲಲಿಲ್ಲ. ಗಿಳಿಯನ್ನು ಹೊರಗೆ ತಂದು ಟಿವಿ ಪಕ್ಕ ಇಟ್ಟ ದಿನ, ಗ್ಯಾಸ್ ಸಿಲಿಂಡರ್ ತಂದವರು ರಸೀದಿ ಕೊಡುವುದನ್ನು ಬಿಟ್ಟು, "ಇದು ನಮ್ಮ ಕಡೇದು ಅಲ್ವಾ ಅಕ್ಕಾ?" ಅಂದರು. ಅವರ ಊರು ಕೊಪ್ಪಳದ ಹತ್ತಿರ. ಹತ್ತು ನಿಮಿಷ ಬಾಗಿಲಲ್ಲೇ ನಿಂತು ಮಾತಾಡಿದೆವು. ನನಗೆ ಮನೆಯಲ್ಲಿ ಬೇಕಾಗಿರುವುದು ಇಂಥ ಒಂದು ವಸ್ತು. ನೋಡಿದವರು ಒಂದು ಗಳಿಗೆ ನಿಂತು, "ಏನಿದು?" ಅಂತ ಕೇಳಬೇಕು.

"ಉಪಯೋಗ ಇಲ್ಲದ್ದಕ್ಕೆ ಯಾಕೆ ದುಡ್ಡು?" ಅನ್ನುವವರಿದ್ದಾರೆ. ನಮ್ಮ ಹಿರಿಯರ ಮನೆಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ನಮ್ಮಜ್ಜಿಯ ಅಡಕತ್ತರಿ ಕುದುರೆಯ ಆಕಾರದಲ್ಲಿತ್ತು. ಅಡಿಕೆ ಕತ್ತರಿಸಲು ಎರಡು ಹಿಡಿಕೆ, ಒಂದು ಅಲಗು ಸಾಕಿತ್ತು. ಆದರೂ ಅದನ್ನು ಮಾಡಿದವನು ಕುದುರೆಗೆ ಜೂಲು ಕೆತ್ತಿದ್ದ, ಕಿವಿ ನಿಮಿರಿಸಿದ್ದ. ಸುಣ್ಣದ ಡಬ್ಬಿ ಮಾವಿನಕಾಯಿಯ ಹಾಗಿತ್ತು. ತೂಗುಮಂಚದ ಹಿತ್ತಾಳೆ ಸರಪಳಿಯಲ್ಲಿ ನಡುನಡುವೆ ಆನೆ, ನವಿಲು. ದೇವರ ಮನೆಯ ತೂಗುದೀಪದ ಮೇಲೆ ಹಂಸ. ಇವೆಲ್ಲ ದಿನಬಳಕೆಯ ಸಾಮಾನು, ಶ್ರೀಮಂತರ ಮನೆಯದ್ದೇ ಆಗಬೇಕೆಂದಿರಲಿಲ್ಲ. ರಾಮನಗರದ ಜಾನಪದ ಲೋಕಕ್ಕೆ ಹೋದರೆ ಇಂಥ ವಸ್ತುಗಳ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಎಚ್.ಎಲ್. ನಾಗೇಗೌಡರು ಕಟ್ಟಿದ ಆ ಜಾಗದಲ್ಲಿ ನಾನು ಮೊದಲ ಸಲ ಸುತ್ತಾಡಿದಾಗ ಒಂದೇ ಯೋಚನೆ ಬಂದಿತ್ತು. ಇಷ್ಟು ಚೆಂದದ ಆಟ ನಮ್ಮ ಅಡುಗೆಮನೆಯಿಂದ ಯಾವಾಗ ಹೊರಟುಹೋಯಿತು?

ಗಿಳಿಯ ವಿಷಯಕ್ಕೆ ಬರುತ್ತೇನೆ. ಕಿನ್ನಾಳ ಕೊಪ್ಪಳದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಊರು. ಈ ಕೆಲಸ ಮಾಡುವವರು ಚಿತ್ರಗಾರ ಮನೆತನದವರು. ಹಂಪಿಯ ವಿರೂಪಾಕ್ಷ ದೇವಸ್ಥಾನದ ಚಾವಣಿಯ ಚಿತ್ರಗಳು ತಮ್ಮ ಹಿರಿಯರ ಕೈಕೆಲಸ ಎಂದು ಅವರು ಹೇಳಿಕೊಳ್ಳುತ್ತಾರೆ. ನಾನು ಅಲ್ಲಿಗೆ ಹೋಗಿದ್ದು ಒಂದು ಮಧ್ಯಾಹ್ನ. ಒಂದು ಮನೆಯ ಪಡಸಾಲೆಯಲ್ಲಿ ಗರುಡ, ಆನೆ, ಕಾಮಧೇನು, ಎಲ್ಲ ಬಣ್ಣವಿಲ್ಲದೆ ಸಾಲಾಗಿ ಕೂತಿದ್ದವು.

ಹಗುರವಾದ ಮರವನ್ನು ಕೆತ್ತಿ ಕೈ, ಕಾಲು, ತಲೆ ಬೇರೆಬೇರೆ ಮಾಡಿ ಜೋಡಿಸುತ್ತಾರೆ. ಅಂಟು ಯಾವುದು ಗೊತ್ತಾ? ಹುಣಸೆ ಬೀಜ ಅರೆದು ಮಾಡಿದ್ದು. ಆಮೇಲೆ ಗೋಣಿಚೀಲದ ಚೂರುಗಳನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನ ಜೊತೆ ಕಲಸುತ್ತಾರೆ. ಇದಕ್ಕೆ ಕಿಟ್ಟ ಅನ್ನುತ್ತಾರೆ. ಇದನ್ನು ಗೊಂಬೆಯ ಮೈಗೆಲ್ಲ ಹಚ್ಚುತ್ತಾರೆ. ಒಡವೆ, ಕಿರೀಟ, ಸೆರಗಿನ ಅಂಚು ಎಲ್ಲ ಮೂಡಿ ಬರುವುದು ಕಲ್ಲಿನ ಪುಡಿಗೆ ಅಂಟು ಕಲಸಿದ ಮಿಶ್ರಣದಲ್ಲಿ. ಅದರ ಮೇಲೆ ಬಿಳಿ ಬಳಿದು, ಕೊನೆಗೆ ಬಣ್ಣ. ಹಳೆಯ ಕಾಲದ ಗೊಂಬೆಗಳ ಮೇಲೆ ಚಿನ್ನದಂತೆ ಕಾಣುವ ಮಿರುಗು ಇದೆಯಲ್ಲ, ಅದು ಲಾಜವಾರ ಅನ್ನುವ ಕೆಲಸ. ತವರದಂಥ ಲೋಹವನ್ನು ಬಡಿದು ಬಡಿದು ತೆಳ್ಳಗೆ ಮಾಡಿ, ಅಂಟಿನಲ್ಲಿ ಸೇರಿಸಿ ಹಚ್ಚುತ್ತಿದ್ದರು. ಒಂದು ಗುಲಗಂಜಿ ಚಿನ್ನವೂ ಇಲ್ಲದೆ ಚಿನ್ನದ ಹೊಳಪು!

ಕಣ್ಣು ಬರೆಯುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ. ಅಲ್ಲಿಯವರೆಗೆ ಅದು ಬಣ್ಣ ಬಳಿದ ಮರದ ತುಂಡು. ಕಪ್ಪು ಬಣ್ಣದಲ್ಲಿ ಕುಂಚ ಅದ್ದಿ ಎರಡು ಗೆರೆ ಎಳೆದು ಒಂದು ಚುಕ್ಕೆ ಇಟ್ಟರು, ಗಿಳಿ ನನ್ನನ್ನೇ ನೋಡಿತು. ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಕಿನ್ನಾಳದ ಗೊಂಬೆಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಕೆಲಸ ಅನ್ನುವ ಅಧಿಕೃತ ಗುರುತು, ಸಿಕ್ಕಿದೆ. ಒಳ್ಳೆಯದೇ. ಆದರೆ ಕೊಳ್ಳುವವರು ಇಲ್ಲದಿದ್ದರೆ ಬರೀ ಟ್ಯಾಗ್‌ನಿಂದ ಯಾರ ಮನೆಯ ಒಲೆಯೂ ಉರಿಯುವುದಿಲ್ಲ. ಮಾಲ್‌ನಲ್ಲಿ ಬೆಲೆ ಚೀಟಿ ನೋಡಿ ತೆಪ್ಪಗೆ ಕಾರ್ಡ್ ಕೊಡುವ ನಾವು, ಪಡಸಾಲೆಯಲ್ಲಿ ಕೂತು ದಿನಗಟ್ಟಲೆ ಕೆಲಸ ಮಾಡಿದವರ ಹತ್ತಿರ ನೂರು ರೂಪಾಯಿಗೆ ಎಳೆದಾಡುತ್ತೇವೆ. ಇದು ತಪ್ಪು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನಮ್ಮ ಮನೆಯ ಇನ್ನೊಂದು ವಿಚಿತ್ರ ವಸ್ತು ಒಂದು ಲ್ಯಾಂಪ್. ಆಂಧ್ರದಲ್ಲಿ ಧರ್ಮಾವರದ ಹತ್ತಿರ ನಿಮ್ಮಲಕುಂಟ ಅಂತ ಒಂದು ಊರಿದೆ. ತೊಗಲು ಗೊಂಬೆ ಆಡಿಸುವವರ ಊರು. ಆಟ ನೋಡುವವರು ಕಡಿಮೆಯಾದ ಮೇಲೆ ಅವರು ಅದೇ ಮೇಕೆ ತೊಗಲಿನಲ್ಲಿ, ಅದೇ ಉಳಿಯಿಂದ ತೂತು ಕೊರೆದು, ಅದೇ ಬಣ್ಣ ಹಾಕಿ ಲ್ಯಾಂಪಿನ ಹೊದಿಕೆ ಮಾಡತೊಡಗಿದರು. ದೀಪ ಹಾಕಿದರೆ ತೊಗಲು ಒಳಗಿನಿಂದ ಬೆಳಗುತ್ತದೆ. ಹನುಮಂತನ ಬಾಲದ ತೂತುಗಳಿಂದ ಗೋಡೆಯ ತುಂಬ ಬೆಳಕಿನ ಚುಕ್ಕೆ. ನನ್ನ ಮಗಳಿಗೆ ರಾಮಾಯಣ ಶುರುವಾಗಿದ್ದು ಈ ಲ್ಯಾಂಪಿನಿಂದ. "ಇವನ್ಯಾಕೆ ಹಸಿರು? ಇವನಿಗ್ಯಾಕೆ ಇಷ್ಟು ತಲೆ?" ಅಂತ ರಾತ್ರಿಯೆಲ್ಲ ಪ್ರಶ್ನೆ. ನಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದಲ್ಲೂ ಈ ಆಟ ಉಳಿಸಿದವರಿದ್ದಾರೆ. ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ, ತೊಂಬತ್ತು ದಾಟಿದ ಆ ಅಜ್ಜಿಯ ಫೋಟೋವನ್ನು ಮಗಳಿಗೆ ತೋರಿಸಿದೆ. ಅವಳು ನೇರ ಲ್ಯಾಂಪಿನ ಕಡೆ ಕೈ ತೋರಿಸಿದಳು.

ಬೀದರಿನ ಬಿದ್ರಿ ಹೂದಾನಿಯೂ ಒಂದಿದೆ, ಚಿಕ್ಕದು. ಅದರ ಮೈ ಬಹುಪಾಲು ಸತು, ಸ್ವಲ್ಪ ತಾಮ್ರ. ಮೈಯಲ್ಲಿ ಗೆರೆ ಕೊರೆದು ಬೆಳ್ಳಿ ಕೂರಿಸಿ, ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣಿನ ದ್ರಾವಣದಲ್ಲಿ ಹಾಕಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಣ್ಣು ಸರಿಯಿದೆಯಾ ಅಂತ ನಾಲಿಗೆಗೆ ಇಟ್ಟು ನೋಡುವ ಕುಶಲಕರ್ಮಿಗಳಿದ್ದಾರೆ! 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿ ಅವರು ಇದೇ ಕೆಲಸದವರು. ಚನ್ನಪಟ್ಟಣದ ಮರದ ಗೊಂಬೆಗಳ ಬಗ್ಗೆ ನಿಮಗೆಲ್ಲ ಗೊತ್ತೇ ಇದೆ. ಲೇತ್‌ನಲ್ಲಿ ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಅದು ಕರಗಿ ಬಣ್ಣ ಹಿಡಿಯುವುದು, ತಾಳೆ ಗರಿಯಿಂದ ಉಜ್ಜಿ ಹೊಳಪು ಕೊಡುವುದು. ಹೆದ್ದಾರಿಯಲ್ಲಿ ಹೋಗುವಾಗ ಕಾರು ನಿಲ್ಲಿಸಿ ಒಳಗಿನ ಬೀದಿಗಳಿಗೆ ಹೋಗಿ ಒಮ್ಮೆ ನೋಡಿ.

ನನಗೆ ನಿಜವಾಗಿ ನೋವಾಗುವುದು ಬೇರೆ ಕಾರಣಕ್ಕೆ. ಇಂಥ ವಸ್ತುಗಳು ಎಷ್ಟೋ ಮನೆಗಳಲ್ಲಿ ಈಗಲೂ ಇವೆ. ಎಲ್ಲಿವೆ? ಶೋಕೇಸಿನಲ್ಲಿ. ಗಾಜಿನ ಬಾಗಿಲು, ಅದಕ್ಕೊಂದು ಪುಟ್ಟ ಬೀಗ, ಬೀಗದ ಕೈ ಅಮ್ಮನ ಬೀರುವಿನಲ್ಲಿ. ನಾವು ಚಿಕ್ಕವರಿದ್ದಾಗ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದೆವು. ನಮ್ಮ ಮನೆಯ ಶೋಕೇಸಿನಲ್ಲಿ ಒಂದು ತಂಜಾವೂರು ಗೊಂಬೆ ಇತ್ತು, ಕುಣಿಯುವ ಹುಡುಗಿ. ಲಂಗ, ಮೈ, ತಲೆ ಬೇರೆಬೇರೆಯಾಗಿ ಒಂದರ ಮೇಲೊಂದು ತಂತಿಯ ಮೇಲೆ ನಿಂತಿರುತ್ತವೆ. ಸ್ವಲ್ಪ ಗಾಳಿ ಬೀಸಿದರೂ ಸಾಕು, ತಲೆ ಒಂದು ಕಡೆ, ಸೊಂಟ ಒಂದು ಕಡೆ ಆಡುತ್ತದೆ. ಆಡುವುದಕ್ಕೇ ಮಾಡಿದ ಗೊಂಬೆಯನ್ನು ಗಾಳಿಯೇ ಬರದ ಪೆಟ್ಟಿಗೆಯಲ್ಲಿ ಮೂವತ್ತು ವರ್ಷ ನಿಲ್ಲಿಸಿದ್ದೆವು.

"ಹೊರಗಿಟ್ಟರೆ ಧೂಳು ಹಿಡಿಯುತ್ತೆ, ಮಕ್ಕಳು ಒಡೆದು ಹಾಕ್ತಾರೆ" ಅಂತ ಅಮ್ಮ ಹೇಳುತ್ತಿದ್ದರು. ಹೌದು, ಒಡೆಯಬಹುದು. ನಮ್ಮ ಗಿಳಿಯ ಬಾಲದ ತುದಿ ಮುರಿದಿದೆ, ಮಗಳು ಬೀಳಿಸಿದ್ದು. ಅವಳು ಅತ್ತು, ಫೆವಿಕಾಲ್ ಹಚ್ಚಿ, ರಬ್ಬರ್ ಬ್ಯಾಂಡ್ ಸುತ್ತಿ, ಒಂದು ರಾತ್ರಿ ಪಕ್ಕದಲ್ಲೇ ಮಲಗಿಸಿಕೊಂಡಿದ್ದಳು. ಅಂಟಿಸಿದ ಗೆರೆ ಕಾಣುತ್ತದೆ, ಕಾಣಲಿ. ಧೂಳಿಗೆ ವಾರಕ್ಕೊಮ್ಮೆ ಒಣ ಮೆತ್ತನೆಯ ಬಟ್ಟೆ ಸಾಕು. ನೀರು ಮಾತ್ರ ತಾಗಿಸಬೇಡಿ, ಬಿಸಿಲಿಗೆ ಇಡಬೇಡಿ.

ಕಳೆದ ಯುಗಾದಿಗೆ ಊರಿಗೆ ಹೋದಾಗ ಅಮ್ಮನ ಹತ್ತಿರ ಶೋಕೇಸಿನ ಬೀಗದ ಕೈ ಕೇಳಿದೆ. "ಈಗ್ಯಾಕೆ?" ಅಂದರು. ತೆಗೆಯಲು ಹೋದರೆ ಬೀಗ ತುಕ್ಕು ಹಿಡಿದಿತ್ತು, ಕೊಬ್ಬರಿ ಎಣ್ಣೆ ಬಿಡಬೇಕಾಯಿತು. ತಂಜಾವೂರು ಹುಡುಗಿಯನ್ನು ತೆಗೆದು, ಒರೆಸಿ, ಫ್ರಿಜ್ ಮೇಲೆ ನಿಲ್ಲಿಸಿದೆ. ಅಮ್ಮನಿಗೆ ಅಷ್ಟೇನೂ ಇಷ್ಟವಾಗಲಿಲ್ಲ. ನಾನೂ ಹೆಚ್ಚು ಮಾತಾಡದೆ ಬಸ್ಸು ಹತ್ತಿ ಬಂದೆ.

ಹೋದ ವಾರ ಅವರೇ ಫೋನ್ ಮಾಡಿದರು. ಮಾತಿನ ಮಧ್ಯೆ, "ಫ್ಯಾನ್ ಹಾಕಿದಾಗಲೆಲ್ಲ ಅವಳು ತಲೆ ಆಡಿಸ್ತಾಳೆ ಕಣೇ" ಅಂದರು. ಹಿಂದೆ ಫ್ಯಾನಿನ ಸದ್ದು ಕೇಳುತ್ತಿತ್ತು.