ಗೀರಿದ ಕರಡಿ

ನನ್ನ ಸಂಗ್ರಹದಲ್ಲಿರುವುದು ಒಂದೇ ಕುಡಿಕೆ. ಒಂದನ್ನು ಸಂಗ್ರಹವೆನ್ನಬಹುದೇ ಎಂದು ಮನೆಯವರು ಆಗಾಗ ಕೇಳುವುದುಂಟು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಸಾಂತಾ ಕ್ಲಾರಾ ಎಂಬ ಪ್ವೆಬ್ಲೋ, ಅಂದರೆ ಅಲ್ಲಿನ ಮೂಲನಿವಾಸಿಗಳ ಊರಿನಿಂದ ಬಂದ, ಅಂಗೈಯಲ್ಲಿ ಕೂರುವಷ್ಟು ಪುಟ್ಟದಾದ ಈ ಕಪ್ಪು ಕುಡಿಕೆಯ ಹೊಟ್ಟೆಯ ಮೇಲೆ ಒಂದು ಕರಡಿ ನಡೆದುಹೋಗುತ್ತಿದೆ. ಅದನ್ನು ಬಣ್ಣದಲ್ಲಿ ಬರೆದಿಲ್ಲ. ಹೊಳಪಿನ ಪದರವನ್ನು ಮೊನೆಯಿಂದ ಗೀರಿ ತೆಗೆದಲ್ಲಿ ಒಳಗಿನ ಮಂಕು ಮಣ್ಣೇ ಕರಡಿಯಾಗಿ ಕಾಣುತ್ತದೆ.

ಅಲ್ಲಿನ ಪರಂಪರೆಯಲ್ಲಿ ತಿಗರಿಯಿಲ್ಲ. ಜ್ವಾಲಾಮುಖಿಯ ಬೂದಿ ಬೆರೆಸಿದ ಜೇಡಿಯನ್ನು ಉದ್ದಕ್ಕೆ ಹೊಸೆದು, ಸುತ್ತಿನ ಮೇಲೆ ಸುತ್ತು ಕೂರಿಸಿ, ಒಣಗಿದ ಮೇಲೆ ಕೆರೆದು, ತೆಳುಮಣ್ಣಿನ ಲೇಪ ಕೊಟ್ಟು, ಹಲವು ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಬಂದ ನುಣುಪುಕಲ್ಲಿನಿಂದಲೇ ಉಜ್ಜುತ್ತಾರೆ. ಬಯಲಿನಲ್ಲಿ ಸುಡುವಾಗ ಪುಡಿಸಗಣಿ ಸುರಿದು ಬೆಂಕಿಯ ಉಸಿರುಕಟ್ಟಿಸಿದರೆ, ಕೆಂಪಾಗಬೇಕಿದ್ದ ಮಡಕೆ ಕಪ್ಪಾಗುತ್ತದೆ. ಬೆರಣಿ ತಟ್ಟಿದ ಗೋಡೆಗಳನ್ನು ನೋಡುತ್ತ ಬೆಳೆದ ನನಗೆ ಇದು ತಿಳಿದಾಗ ಆದ ಸಂತೋಷಕ್ಕೆ ತರ್ಕವೇನೂ ಇರಲಿಲ್ಲ.

ಪಕ್ಕದ ಸಾನ್ ಇಲ್ಡೆಫಾನ್ಸೋದಲ್ಲಿ ಮರಿಯಾ ಮಾರ್ಟಿನೆಜ್ ಮತ್ತು ಆಕೆಯ ಗಂಡ ಜೂಲಿಯನ್ 1919ರ ಸುಮಾರಿಗೆ ಹೊಳೆಯುವ ಕಪ್ಪಿನ ಮೇಲೆ ಮಂಕು ಕಪ್ಪಿನ ಚಿತ್ತಾರ ಮೂಡಿಸಿದರು. ಅವರ ಮೊಮ್ಮಗ ಟೋನಿ ಡಾ ಮಡಕೆಗೆ ಕರಡಿಗಳನ್ನು ಕೆತ್ತಿ, ಟರ್ಕಾಯಿಸ್ ಎಂಬ ನೀಲಿ ಕಲ್ಲನ್ನು ಕೂರಿಸಿದ. ಸಾಂತಾ ಕ್ಲಾರಾದ ಜೋಸೆಫ್ ಲೋನ್‌ವುಲ್ಫ್ ಆ ಸೀಮೆಯಲ್ಲಿ ಸಾವಿರ ವರ್ಷ ಹಿಂದೆ ಬಾಳಿದ ಮಿಂಬ್ರೆಸ್ ಜನರ ಬಟ್ಟಲುಗಳ ಪ್ರಾಣಿಗಳನ್ನು ಮತ್ತೆ ಕರೆತಂದು, ಚಿಕ್ಕ ಕುಡಿಕೆಗಳ ಮೇಲೆ ಕೂದಲೆಳೆಯ ಗೀರುಗಳಲ್ಲಿ ಓಡಾಡಿಸಿದ. ಹೊಸತನವೆಂದರೆ ಅಜ್ಜಿಯ ಕಲ್ಲನ್ನು ಎಸೆಯುವುದಲ್ಲ ಎಂಬುದು ಇವರ ಕೈಗಳಿಗೆ ತಿಳಿದಿತ್ತು. ಆದರೂ ಇಂಚು ಬಿಡದೆ ಪ್ರಾಣಿಗಳನ್ನು ತುಂಬಿದ ಕುಡಿಕೆಗಳು, ಎಷ್ಟೇ ನಾಜೂಕಾಗಿರಲಿ, ನನಗೆ ಸಂತೆಯ ಗದ್ದಲದಂತೆ ತೋರುತ್ತವೆ. ಒಂದು ಪ್ರಾಣಿ, ಸುತ್ತಲೂ ಬರಿಯ ಕಪ್ಪು: ನನಗೆ ಅಷ್ಟು ಸಾಕು.

ಇದರಲ್ಲಿ ನೀರು ಹಾಕುವಂತಿಲ್ಲ. ಕಡಿಮೆ ಬಿಸಿಯಲ್ಲಿ ಸುಟ್ಟ ಮಣ್ಣು ತೇವ ಹೀರಿ ಹೊಳಪು ಕಳೆದುಕೊಳ್ಳುತ್ತದೆ. ನೀರು ಹಿಡಿಯದ ಗಡಿಗೆಗೆ ಅಷ್ಟು ದುಡ್ಡು ಸುರಿದೆಯಾ ಎಂದು ಅಮ್ಮ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಭಾನುವಾರಗಳಲ್ಲಿ ಒಣಬಟ್ಟೆಯಿಂದ ಮೆಲ್ಲಗೆ ದೂಳು ತೆಗೆಯುವಾಗ ಮಾತ್ರ ಅದನ್ನು ಕೈಗೆತ್ತಿಕೊಳ್ಳುತ್ತೇನೆ. ಕರಡಿಯ ಹಿಂಗಾಲಿನ ಬಳಿ ಒಂದು ಹುಲ್ಲೆಸಳಿದೆ. ಇಡೀ ಕುಡಿಕೆಯಲ್ಲಿ ಬೇರೆಲ್ಲೂ ಹುಲ್ಲಿಲ್ಲ. ಅಳಿಸಲಾಗದ ಆ ಜಾಗದಲ್ಲಿ ಮೊನೆ ಕೊಂಚ ಜಾರಿರಬೇಕು.